ಮೊದಲು ನೀವು ಉಣ್ರಿ, ನಾ ನೋಡ್ತೀನಿ

ಮೊನ್ನೆ ಭಾನುವಾರ ಮಸ್ಕಿಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದೆ. ತಂದು ಇನ್ನೂ ತಿಂಗಳಾಗಿರಲಿಲ್ಲ, ಎರಡು ಕಿಲೋ ಬೇಳೆಗೂ ನುಸಿ ಹತ್ತಿತ್ತು. ಶಾಲೆ, ಗಣತಿ, ತರಬೇತಿ, ಮತ್ತೆ ಶಾಲೆ ಅಂತ ಓಡಾಡುವುದರಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿದ್ದೆನೋ ಇಲ್ಲವೋ ಅದೂ ನೆನಪಿಲ್ಲ. ಅಷ್ಟರಲ್ಲಿ ಫೋನ್ ಬಂತು. ಹಿಂದೆ ಸಿಂಧನೂರು ತಾಲೂಕಿನ ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಮಾಸ್ತರರು.

"ಮೇಡಂ, ನಮ್ಮ ಬಿಸಿಯೂಟದ ದೊಡ್ಡಮ್ಮ ಹೋದಳಂತ್ರೀ. ಶುಕ್ರವಾರನ ಮಣ್ಣು ಮುಗೀತಂತ" ಅಂದರು.

ಹೌದಾ ಅಂದೆ. ಯಾವಾಗಿಂದ ಆರಾಮಿರಲಿಲ್ಲ, ಮಗಳು ಹೇಗಿದ್ದಾಳೆ ಅಂತ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಫೋನ್ ಇಟ್ಟು ಮತ್ತೆ ಮೊರ ಎತ್ತಿಕೊಂಡೆ. ಅಳು ಬರಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿರುವ ಮಾಸ್ತರಿಣಿಗೆ ಅಳುವುದಕ್ಕೂ ಪುರಸೊತ್ತು ಹುಡುಕಬೇಕು. ಆದರೆ ಕೈಯಲ್ಲಿದ್ದ ಮೊರ ನೋಡಿ ನಾಚಿಕೆಯಾಯಿತು. ಬೇಳೆಯನ್ನು ಒಂದು ಬಿಸಿಲು ಕಾಣಿಸಿ, ಅಂಗೈಗೆ ಚೂರು ಹರಳೆಣ್ಣೆ ಹಚ್ಚಿಕೊಂಡು ಸವರಿ ಡಬ್ಬಿಗೆ ತುಂಬಿ ಅಂತ ನನಗೆ ನೂರು ಸಲ ಹೇಳಿದವಳು ಆಕೆ. ಆಕೆ ಸತ್ತ ಸುದ್ದಿ ಬಂದಾಗ ನಾನು ಹುಳ ಆರಿಸುತ್ತ ಕೂತಿದ್ದೆ.

ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ಊರವರೆಲ್ಲ ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಸಿಂಧನೂರಿನಿಂದ ಜವಳಗೇರಾ ಕಡೆ ಹೋಗುವ ದಾರಿಯಲ್ಲಿ, ಕಾಲುವೆ ದಾಟಿದ ಮೇಲೆ ಬರುವ ಒಂದು ಊರಿನ ಶಾಲೆಯಲ್ಲಿ ಆಕೆ ಅಡುಗೆಯವಳು. ನಾನು ಅಲ್ಲಿಗೆ ಹೋದಾಗ ಹೆಡ್‌ಮೇಡಂ ಕುರ್ಚಿ ಖಾಲಿ ಇತ್ತು, ಹಿರಿಯಳು ಅಂತ ನನ್ನನ್ನೇ ಕೂಡಿಸಿದರು. ಕುರ್ಚಿಯ ಜೊತೆ ಬೀರುವಿನ ಕೀಲಿ, ಒಡೆದ ಎರಡು ಹಲಗೆ, ಒಂದು ದಾಸ್ತಾನು ಕೋಣೆ ಮತ್ತು ದೊಡ್ಡಮ್ಮ ನನ್ನ ಪಾಲಿಗೆ ಬಂದರು.

ದಾಸ್ತಾನು ಕೋಣೆ ಅಂದರೆ ದೊಡ್ಡದೇನೂ ಅಲ್ಲ. ಅಡುಗೆ ಮನೆಗೂ ಮೂರನೇ ಇಯತ್ತೆಯ ಮಕ್ಕಳು ಕೂರುವ ಕೋಣೆಗೂ ನಡುವೆ, ಒಂದು ಬಾಗಿಲು, ಒಂದು ಕಿಟಕಿ. ಅಕ್ಕಿ, ಗೋಧಿ, ಬೇಳೆ, ಎಣ್ಣೆ, ಉಪ್ಪು. ಬೇರೆ ಶಾಲೆಗಳಲ್ಲಿ ಇಂಥ ಕೋಣೆಯ ಬಾಗಿಲು ತೆರೆದರೆ ಮೊದಲು ಮೂಗಿಗೆ ಇಲಿಯ ವಾಸನೆ ಬಡಿಯುತ್ತದೆ. ಇಲ್ಲಿ ಒಣ ಬೇವಿನ ಕಹಿ ವಾಸನೆ ಬರುತ್ತಿತ್ತು. ಬೇವಿನ ಎಲೆಯನ್ನು ಆಕೆ ನೆರಳಲ್ಲೇ ಒಣಗಿಸುತ್ತಿದ್ದಳು. ಹಸಿ ಎಲೆ ಚೀಲಕ್ಕೆ ಹಾಕಿದರೆ ಅದರ ತೇವಕ್ಕೇ ಹುಳ ಬೀಳುತ್ತದೆ ಅಂತ ಬೈಯುತ್ತಿದ್ದಳು. ಚೀಲಗಳು ನೆಲದ ಮೇಲಲ್ಲ, ಹಲಗೆಯ ಮೇಲೆ, ಅದೂ ಗೋಡೆಯಿಂದ ಒಂದು ಗೇಣು ಈಚೆಗೆ. ನಾನು ಮೊದಲ ವಾರ ಜಾಗ ಉಳಿಯಲಿ ಅಂತ ಒಂದು ಚೀಲವನ್ನು ಗೋಡೆಗೆ ದೂಡಿ ಇಡಿಸಿದ್ದೆ.

"ಅಕ್ಕೋರ, ಚೀಲಾನ ಗ್ವಾಡಿಗಿ ಯಾರ್ ಹಚ್ಚಿದ್ರು?"

"ನಾನೇ ಹೇಳಿದ್ದು ದೊಡ್ಡಮ್ಮ. ಯಾಕ?"

"ಗ್ವಾಡಿ ತಂಪು ಕುಡೀತೈತ್ರೀ. ಚೀಲ ಅದರ ಮೈಗಿ ಮೈ ಹಚ್ಚಿ ಕುಂತ್ರ ಅಕ್ಕಿಗಿ ನೆಗಡಿ ಬರತೈತಿ. ನೀವು ಪಾಠ ಮಾಡ್ರಿ, ಇದನ್ನ ನನಗ ಬಿಡ್ರಿ."

ಇದು ಆಕೆ ನನಗೆ ಕಲಿಸಿದ ಮೊದಲ ಪಾಠ, ಕೊನೆಯದೂ ಅದೇ ಆಗಬೇಕಿತ್ತು. ನಾನು ಪಾಠ ಮಾಡಿಕೊಂಡು ಇದ್ದುಬಿಡಬೇಕಿತ್ತು.

ಆಕೆ ಓದಿದವಳಲ್ಲ. ಕುಳ್ಳಗೆ, ಗಟ್ಟಿಮುಟ್ಟು. ಸೆರಗು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಮುಗಿಯಿತು, ಸಂಜೆ ಪಾತ್ರೆ ತೊಳೆದು ಬೋರಲು ಹಾಕುವವರೆಗೆ ಕೂರುತ್ತಿರಲಿಲ್ಲ. ಚೀಲ ಬಂದ ದಿನ ಆಕೆಯನ್ನು ನೋಡಬೇಕು. ಬಾಯಿ ಬಿಚ್ಚಿಸಿ ಮೊಳಕೈ ಮುಳುಗುವ ತನಕ ಕೈ ಇಳಿಸುವಳು. ಒಳಗೆ ಬೆಚ್ಚಗಿದ್ದರೆ ಹುಳ ಇದೆ ಅಂತ ಲೆಕ್ಕ. ಆಮೇಲೆ ಚೀಲಕ್ಕೆ ಕಿವಿ ಹಚ್ಚುವಳು. ನಾನು ನಗುತ್ತಿದ್ದೆ. "ನಗಬ್ಯಾಡ್ರಿ, ಅವು ತಿನ್ನೂ ಸಪ್ಪಳ ಕೇಳತೈತಿ" ಅನ್ನುವಳು. ಒಮ್ಮೆ ನಾನೂ ಕಿವಿ ಹಚ್ಚಿದೆ. ಕೇಳಿದ್ದು ನಿಜವೋ ಭ್ರಮೆಯೋ, ಕಿರಕಿರ ಅಂತ ಏನೋ ಕೇಳಿಸಿತು. ಅವತ್ತು ಮನೆಗೆ ಹೋಗಿ ಅನ್ನ ಉಣ್ಣಲು ಆಗಲಿಲ್ಲ.

ಹುಳ ಬಿದ್ದ ಅಕ್ಕಿಯನ್ನು ಆಕೆ ಬಿಸಿಲಿಗೆ ಹಾಕುತ್ತಿರಲಿಲ್ಲ. ಬಿಸಿಲಿಗೆ ಅಕ್ಕಿ ಸೀಳಿ ನುಚ್ಚಾಗುತ್ತದೆ. ವರಾಂಡದ ನೆರಳಲ್ಲಿ ಧೋತರ ಹಾಸಿ ತೆಳ್ಳಗೆ ಹರವಿ, ಬಾಜೂಕ್ಕೆ ಕೂತುಬಿಡುವಳು. ಬೆಳಕು ಕಂಡ ಹುಳಗಳು ಒಂದೊಂದೇ ಅಂಚಿಗೆ ಬಂದು ನೆಲಕ್ಕಿಳಿದು ಹೋಗುತ್ತಿದ್ದವು. "ಹೋಗಾಕ ದಾರಿ ಬಿಟ್ರ ಅವ ಹೋಗ್ತಾವ್ರೀ, ಕೊಲ್ಲೂದು ಎದಕ್ಕ?" ಅನ್ನುವಳು. ಹಾಗಂತ ಕರುಣಾಮಯಿ ಏನಲ್ಲ. ಇಲಿ ಕಂಡರೆ ಪೊರಕೆ ತಗೊಂಡು ಶಾಲೆ ಸುತ್ತ ಓಡಿಸುತ್ತಿದ್ದಳು. ಬಿಲ ಕಂಡಲ್ಲಿ ಒಡೆದ ಗಾಜು ತುಂಬಿ ಮೇಲೆ ಸಿಮೆಂಟು ಮೆತ್ತುತ್ತಿದ್ದಳು. ಬಡಿಸುವಾಗ ಯಾರಾದರೂ ಕಾಳು ಚೆಲ್ಲಿದರೆ, "ಹಾಂ, ಚೆಲ್ರಿ, ಇಲಿಗಿ ಲಗ್ನಪತ್ರ ಕೊಟ್ಟಂಗಾತು" ಅನ್ನುವಳು. ಜಿರಲೆ ಅನ್ನಕ್ಕಲ್ಲ, ನೀರಿಗೆ ಬರುತ್ತದೆ ಅನ್ನುವುದು ಆಕೆಯ ಇನ್ನೊಂದು ಮಾತು. ಒಲೆ ಆರಿದ ಮೇಲೆ ಕಟ್ಟೆ, ಮೋರಿ ಎಲ್ಲ ಒಣಬಟ್ಟೆಯಲ್ಲಿ ಒರೆಸಿ, ಅಂಗೈಯಿಂದ ಮುಟ್ಟಿ ನೋಡದೆ ಬಾಗಿಲು ಹಾಕುತ್ತಿರಲಿಲ್ಲ. ಬೆಲ್ಲದ ಡಬ್ಬಿ ನೀರಿನ ತಟ್ಟೆಯ ನಡುವೆ ಕೂತಿರುತ್ತಿತ್ತು. ಸಕ್ಕರೆಯಲ್ಲಿ ನಾಲ್ಕು ಲವಂಗ, ರವೆಯಲ್ಲಿ ಎರಡು ಒಣಮೆಣಸಿನಕಾಯಿ. ಹಳೆಯ ಬೇಳೆ ಮುಗಿಯದೆ ಅದರ ಮೇಲೆ ಹೊಸದನ್ನು ಸುರಿಯುವಂತಿಲ್ಲ. ಸಹಾಯಕಿ ಹುಡುಗಿ ಒಮ್ಮೆ ಸುರಿದಿದ್ದಕ್ಕೆ ಮೂರು ದಿನ ದೊಡ್ಡಮ್ಮ ಅವಳ ಜೊತೆ ಮಾತು ಬಿಟ್ಟಿದ್ದಳು.

ಜಗಳಗಂಟಿ ಅಂತಲೇ ಹೇಳಬೇಕು. ಆ ಕೋಣೆಗೆ ಆಕೆಯ ಅಪ್ಪಣೆ ಇಲ್ಲದೆ ನಾನೂ ಹೋಗುವಂತಿರಲಿಲ್ಲ. ಹೋದರೂ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕು. ಬೆಳಿಗ್ಗೆ ಬಂದ ಕೂಡಲೇ ಬಾಗಿಲು, ಕಿಟಕಿ ತೆರೆದಿಟ್ಟು ಆಕೆ ಹೊರಗೆ ಕಟ್ಟೆಯ ಮೇಲೆ ಕೂರುವಳು. ಎಲೆಯಡಿಕೆ ಹಾಕಿಕೊಂಡು, ಅದು ಮುಗಿದ ಮೇಲೆಯೇ ಒಳಗೆ ಕಾಲಿಡುವಳು. ಹೊತ್ತಾಯಿತು, ಮಕ್ಕಳಿಗೆ ಹಾಲು ಕಾಯಿಸಬೇಕು ಅಂತ ನಾನು ಗಡಿಬಿಡಿ ಮಾಡಿದರೆ, "ಗಾಳಿ ಆಡ್ಲಿ ತಡೀರಿ" ಅನ್ನುವಳು. ಸೋಮಾರಿತನಕ್ಕೆ ನೆವ ಅಂದುಕೊಂಡಿದ್ದೆ. ಒಂದು ದಿನ ಸಿಟ್ಟಿನಲ್ಲಿ ಹಾಗೇ ಅಂದುಬಿಟ್ಟೆ.

ಆಗ ಆಕೆ ತನ್ನ ತವರಿನ ಕಥೆ ಹೇಳಿದಳು. ತವರು ಲಿಂಗಸುಗೂರು ಕಡೆಯ ಒಣಭೂಮಿ. ಭತ್ತ ಅಲ್ಲಿ ಕನಸಿನಲ್ಲೂ ಇಲ್ಲ, ಬರೀ ಜೋಳ. ಜೋಳ ಇಡುವುದು ಹಗೇವಿನಲ್ಲಿ. ನೆಲದೊಳಗೆ ಆಳಿನೆತ್ತರ ತೋಡಿದ ಕಣಜ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಅದಕ್ಕೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ತೆರೆದ ಕೂಡಲೇ ಇಳಿಯಬಾರದು. ಒಂದು ದಿನ ಬಾಯಿ ಬಿಟ್ಟಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ಕಂದೀಲು ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ ಅರ್ಥ.

"ನಮ್ಮ ದೊಡ್ಡಪ್ಪ ಇಳಿಸಿದ್ದ ಕಂದೀಲು ಆರಿತ್ರೀ. ನಾ ಸಣ್ಣಾಕಿ, ಬಾಜೂಕ ನಿಂತಿದ್ನಿ. ದೊಡ್ಡಪ್ಪ, ಆರಿತು ಅಂತ ನಾ ಹೇಳಿದ್ನಿ. ಎಣ್ಣಿ ತೀರೈತಿ ಬಿಡು ಅಂದ. ಮನ್ಯಾಗ ಬೀಗರು ಬಂದಿದ್ರು, ಜಲ್ದಿ ಜೋಳ ಬೇಕಾಗಿತ್ತು. ಇಳದ. ಮತ್ತ ಮ್ಯಾಲ ಬರಲಿಲ್ಲ."

ಅಷ್ಟು ಹೇಳಿ ಎದ್ದು ಒಲೆ ಹಚ್ಚಲು ಹೋದಳು. ಆವತ್ತಿನಿಂದ ನಾನು ಆಕೆಯ ಎಲೆಯಡಿಕೆಗೆ ಅಡ್ಡ ಬರಲಿಲ್ಲ.

ಇನ್ನೊಂದು ಹೇಳಬೇಕು. ಬಿಸಿಯೂಟ ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಉಂಡು ನೋಡಬೇಕು, ಹೇಗಿದೆ ಅಂತ ವಹಿಯಲ್ಲಿ ಬರೆದು ಸಹಿ ಮಾಡಬೇಕು. ಅದು ನಿಯಮ. ನಾನು ಮನೆಯಿಂದ ಡಬ್ಬಿ ಒಯ್ಯುತ್ತಿದ್ದೆ. ಪಿತ್ತ, ಹೊರಗಿನದು ಆಗುವುದಿಲ್ಲ ಅನ್ನುವುದು ನನ್ನ ನೆವ. ವಹಿ ಮಾತ್ರ ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಹಾಜರಿ ತೆಗೆದ ಕೈಯಲ್ಲೇ "ರುಚಿಯಾಗಿದೆ" ಅಂತ ಬರೆದು ಸಹಿ ಒಗೆಯುತ್ತಿದ್ದೆ. ಕೆಲವು ಸಲ ಸೋಮವಾರವೇ ಇಡೀ ವಾರದ್ದು ಮುಗಿಸುತ್ತಿದ್ದೆ. ಹನ್ನೆರಡು ವಹಿ ಬರೆಯುವವಳಿಗೆ ಇದೂ ಒಂದು.

ಓದು ಬಾರದ ಆಕೆಗೆ ಇದು ಹೇಗೋ ಗೊತ್ತಾಯಿತು.

"ಅಕ್ಕೋರ, ಒಲಿ ಇನ್ನಾ ಹಚ್ಚಿಲ್ರೀ. ಅನ್ನ ಹೆಂಗ ಆಗಿತ್ತು?"

ನಾನು ನಕ್ಕು ಮಾತು ಮರೆಸಿದೆ. ಆಕೆ ಬಿಡಲಿಲ್ಲ. ಅಂದಿನಿಂದ ಊಟದ ಗಂಟೆಗೆ ಮೊದಲು ತಾಟಿನಲ್ಲಿ ಹಿಡಿ ಅನ್ನ, ಮೇಲೆ ಸಾರು ಹಾಕಿಕೊಂಡು ಬಂದು ತೆರೆದ ವಹಿಯ ಮೇಲೆಯೇ ಇಡುವಳು. ಸೊಂಟಕ್ಕೆ ಕೈ ಕೊಟ್ಟು ನಿಲ್ಲುವಳು.

"ಮೊದಲು ನೀವು ಉಣ್ರಿ, ನಾ ನೋಡ್ತೀನಿ."

"ಇಡು ದೊಡ್ಡಮ್ಮ, ಆಮೇಲೆ ಉಣ್ತೀನಿ."

"ಆಮ್ಯಾಲ ಅಲ್ರೀ. ಆ ಹುಡುಗರಿಗಿಂತ ಮೊದಲ. ನಾ ಮಾಡೇನಿ, ನೀವು ಉಣ್ರಿ, ಆಮ್ಯಾಲ ಅವು ಉಣ್ಲಿ."

ಎರಡು ತುತ್ತು ತಿನ್ನುವವರೆಗೆ ಕದಲುತ್ತಿರಲಿಲ್ಲ. ಸುಳ್ಳೇಕೆ, ಆಕೆಯ ಸಾರು ನನ್ನ ಡಬ್ಬಿಯ ಪಲ್ಯಕ್ಕಿಂತ ಚೆನ್ನಾಗಿರುತ್ತಿತ್ತು. ಆದರೂ ಆಕೆ ರಜೆ ಹಾಕಿದ ದಿನ ನಾನು ಮತ್ತೆ ನನ್ನ ಡಬ್ಬಿಗೇ ಹೋಗುತ್ತಿದ್ದೆ. ಸಹಿ ಬೆಳಿಗ್ಗೆಯೇ ಆಗಿರುತ್ತಿತ್ತು.

ಈಗ ಆ ದಸರೆಯ ವಿಷಯ. ಇಷ್ಟು ಹೊತ್ತು ಅಕ್ಕಿ ಬೇಳೆ ಅಂತ ಸುತ್ತು ಹಾಕಿದ್ದು ಇದನ್ನು ಬರೆಯಲು ಮನಸ್ಸು ಬಾರದೆ.

ರಜೆಗೆ ಮೊದಲು ಗೋದಾಮಿನಿಂದ ನಾಲ್ಕು ಚೀಲ ಅಕ್ಕಿ ಬಂದಿತ್ತು. ಬರುವಾಗಲೇ ಹುಳ. ದೊಡ್ಡಮ್ಮ ಕೈ ಇಳಿಸಿ ನೋಡಿ, "ಇದು ಹರವಬೇಕ್ರೀ, ನಾಕ್ ದಿನದ ಕೆಲಸ. ಹಬ್ಬ ಮುಗಿಸಿ ಬಂದು ಮಾಡ್ತೀನಿ" ಅಂದು ತವರಿಗೆ ಹೋದಳು. ಶಾಲೆ ಶುರುವಾದ ವಾರವೇ ಮೇಲಿನವರು ಬಂದು ದಾಸ್ತಾನು ನೋಡುತ್ತಾರೆ ಅಂತ ಮೆಸೇಜು ಬಂತು. ನನಗೆ ಆ ಹುಳಗಳದ್ದೇ ಚಿಂತೆ. ಹಬ್ಬಕ್ಕೆ ಸಾಲಗುಂದದಿಂದ ಬಂದ ಮೈದುನನ ಹತ್ತಿರ ಹೇಳಿಕೊಂಡೆ. ಅವನು ಭತ್ತದ ರೈತ. "ಅದಕ್ಕ್ಯಾಕ ಅಷ್ಟ ತಲಿ ಕೆಡಿಸ್ಕೋತೀರಿ ವೈನಿ? ನಾವು ಭತ್ತಕ್ಕ ಇಡೂ ಗುಳಿಗಿ ಅದಾವ. ಅರಿಬಿ ಗಂಟಿನ್ಯಾಗ ಕಟ್ಟಿ ಚೀಲದ ನಡಕ ಇಟ್ಟು ಬಾಗಲಾ ಹಾಕಿಬಿಡ್ರಿ. ಒಂದು ಹುಳ ಉಳಿಯಂಗಿಲ್ಲ" ಅಂದ. ಈ ಕಾಲುವೆ ಸೀಮೆಯಲ್ಲಿ ಅದನ್ನು ಯಾರೂ ದೊಡ್ಡ ವಿಷ ಅಂತ ನೋಡುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಎಲ್ಲರ ಮನೆಯ ಮಾಡಿನಲ್ಲೂ ಇರುತ್ತದೆ. ಆ ಗುಳಿಗೆ ಬಿಡುವುದು ವಿಷದ ಗಾಳಿ. ಭತ್ತ ಇರುವುದು ಬಯಲಲ್ಲಿ, ತಾಡಪಾಲಿನ ಕೆಳಗೆ. ನನ್ನ ಅಕ್ಕಿ ಇದ್ದದ್ದು ಮಕ್ಕಳು ಕೂರುವ ಕೋಣೆಯ ಗೋಡೆಯಾಚೆ. ಈ ವ್ಯತ್ಯಾಸ ಅವನೂ ಹೇಳಲಿಲ್ಲ, ಡಿಗ್ರಿ ಮಾಡಿದ ನನಗೂ ಹೊಳೆಯಲಿಲ್ಲ.

ಶನಿವಾರ ಒಬ್ಬಳೇ ಹೋಗಿ, ಬೀರುವಿನಲ್ಲಿದ್ದ ಇನ್ನೊಂದು ಕೀಲಿಯಿಂದ ಕೋಣೆ ತೆರೆದು ಇಟ್ಟು ಬಂದೆ. ಸೋಮವಾರ ದೊಡ್ಡಮ್ಮ ಬರುವ ಮೊದಲೇ ಹೋಗಿ ತೆಗೆದುಬಿಡಬೇಕು, ಆಕೆಗೆ ಗೊತ್ತಾದರೆ ಬೈಯುತ್ತಾಳೆ ಅಂದುಕೊಂಡಿದ್ದೆ. ಸೋಮವಾರ ಕಾಲುವೆಯ ಸೇತುವೆ ಮೇಲೆ ಹುಲ್ಲಿನ ಟ್ರ್ಯಾಕ್ಟರ್ ಅಡ್ಡ ನಿಂತು ನಮ್ಮ ಬಸ್ಸು ಮುಕ್ಕಾಲು ಗಂಟೆ ಅಲ್ಲೇ ಉಳಿಯಿತು.

ನಾನು ತಲುಪಿದಾಗ ದಾಸ್ತಾನು ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಯನ್ನು ಹೊರಗಿನಿಂದ ಕೋಲು ಹಾಕಿ ಒಡೆದು ತೆಗೆದಿದ್ದಳು. ಮೂರನೇ ಇಯತ್ತೆಯ ಮಕ್ಕಳೆಲ್ಲ ಅಂಗಳದ ಆಚೆ ಬೇವಿನ ಮರದ ಕೆಳಗೆ ಕೂತಿದ್ದರು. ದೊಡ್ಡಮ್ಮ ಬಾಗಿಲಿನಿಂದ ಹತ್ತು ಮಾರು ದೂರದಲ್ಲಿ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು. ಹೊಸ್ತಿಲ ಮೇಲೆ ಎರಡು ಹಲ್ಲಿ ಸತ್ತು ಬಿದ್ದಿದ್ದವು.

"ಅಕ್ಕೋರ, ಒಳಗ ಏನ್ ಇಟ್ಟೀರಿ?"

ಹೇಳಿದೆ. ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಕೊಳತ ಬಳ್ಳೊಳ್ಳಿ ನಾತ ಬಂತ್ರೀ. ಕಾಲ ಇಡಲಿಲ್ಲ. ನನ್ನ ಹಿಂದ ನಾಕ್ ಹುಡುಗ್ರು ಇದ್ವು." ಮರದ ಕೆಳಗಿನ ಮಕ್ಕಳ ಕಡೆ ನೋಡಿ, "ಇವತ್ತ ಒಲಿ ಹಚ್ಚಂಗಿಲ್ಲ" ಅಂದಳು.

"ಮಕ್ಕಳು ಉಪಾಸ ಇರ್ತಾವ ದೊಡ್ಡಮ್ಮ."

"ಬಾಜೂ ಊರ ಸಾಲಿಗಿ ಫೋನ್ ಹಚ್ರಿ. ಒಂದ್ ಚೀಲ ಕಡ ಕೇಳ್ರಿ. ನಮ್ಮ ಅಕ್ಕಿ ಕೆಟ್ಟೈತಿ ಅನ್ರಿ."

ಎಷ್ಟು ಸುಲಭದ ಮಾತು. ಆದರೆ ಫೋನ್ ಮಾಡಿದರೆ ಹೇಗೆ ಕೆಟ್ಟಿತು ಅಂತ ಕೇಳುತ್ತಾರೆ. ಆ ಮಾತು ತಾಲೂಕಿಗೆ ಹೋಗುತ್ತದೆ. ನಾನು ಫೋನ್ ಕೈಯಲ್ಲಿ ಹಿಡಿದು ಅತ್ತಿಂದಿತ್ತ ಓಡಾಡಿದೆನೇ ಹೊರತು ಯಾರಿಗೂ ಹಚ್ಚಲಿಲ್ಲ. ಆಕೆ ನೋಡುತ್ತಲೇ ಇದ್ದಳು. ಮಧ್ಯಾಹ್ನ ಮಕ್ಕಳು ತಾಟು ಬಡಿಯುತ್ತ ಖಾಲಿ ಹೊಟ್ಟೆಯಲ್ಲಿ ಮನೆಗೆ ಹೋದವು. ಸಂಜೆ ಶಾಲೆ ಖಾಲಿಯಾದ ಮೇಲೆ ಆಕೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಉಸಿರು ಹಿಡಿದು ಒಳಗೆ ಹೋಗಿ ಆ ಗಂಟುಗಳನ್ನು ತಂದಳು. ಹೊಲದ ಬದುವಿನಲ್ಲಿ ಆಳವಾಗಿ ಅಗೆದು ಹುಗಿದಳು. ನಾನು ಮರದ ಕೆಳಗೆ ನಿಂತಿದ್ದೆ. ದೊಡ್ಡಪ್ಪನ ಕಥೆ ಹೇಳಿದ ಹೆಂಗಸನ್ನು ಅದೇ ಥರದ ಗಾಳಿಗೆ ಕಳಿಸಿ ನಿಂತಿದ್ದೆ.

ಮರುದಿನದಿಂದ ಅಂಗಡಿಯ ಅಕ್ಕಿ ಬೇಳೆ ತರಿಸಿ ಅಡುಗೆ ಮಾಡಿಸಿದೆ, ಆದರೂ ಸೋಮವಾರ ಊಟ ಇಲ್ಲದ ಸುದ್ದಿ ಊರು ತುಂಬ ಆಯಿತು. ಯಾರೋ ಮೇಲಕ್ಕೆ ದೂರು ಕೊಟ್ಟರು. ಬುಧವಾರ ಸಾಹೇಬರು ಬಂದರು, ದಾಸ್ತಾನು ನೋಡುವ ಬದಲು ಆ ದೂರನ್ನೇ ಹಿಡಿದರು. ಆಫೀಸು ಕೋಣೆಯಲ್ಲಿ ನಾನು, ಅವರು, ಊರಿನ ಇಬ್ಬರು ಹಿರಿಯರು. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು.

"ಸೋಮವಾರ ಯಾಕೆ ಅಡುಗೆ ಆಗಿಲ್ಲ ಮೇಡಂ?"

ನನ್ನ ಬಾಯಿಂದ ಬಂದ ಮಾತು ಇದು: "ಅಡುಗೆಯವರು ಒಲೆ ಹಚ್ಚಲಿಲ್ಲ ಸರ್."

ಸುಳ್ಳು ಅಲ್ಲ. ಅಕ್ಷರ ಅಕ್ಷರವೂ ನಿಜ. ಸಾಹೇಬರು ಆಕೆಯ ಕಡೆ ತಿರುಗಿ "ಹೌದೇನಮ್ಮ?" ಅಂದರು. ಆಕೆ ನನ್ನನ್ನು ಒಂದು ಸಲ ನೋಡಿದಳು.

"ಹೌದ್ರೀ ಸಾಹೇಬ್ರ. ನಾನ ಹಚ್ಚಲಿಲ್ಲ."

"ಯಾಕೆ?"

"ಮನಸ ಆಗಲಿಲ್ರೀ."

ಆಕೆಯನ್ನು ಕೆಲಸದಿಂದ ಬಿಡಿಸಿದ ಕಾಗದ ಮುಂದಿನ ವಾರವೇ ಬಂತು. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಾದವಳು ನಾನೇ. ಕರ್ತವ್ಯಲೋಪ ಅನ್ನುವ ಪದ ಬಂದಾಗ ಹಾಗಂದರೆ ಏನು ಅಂತ ಕೇಳಿದಳು. ಮಾಡಬೇಕಾದ ಕೆಲಸ ಮಾಡದೆ ಇರುವುದು ಅಂದೆ. "ಹಂಗಾ" ಅಂದಳು. ಆಕೆಯ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದವಳು ನಾನು. ಒಲೆ ಬೂದಿ, ಅರಿಶಿಣ ಹತ್ತಿ ಒರಟಾದ ಬೆರಳು. ಗೆರೆಯೇ ಸರಿಯಾಗಿ ಮೂಡಲಿಲ್ಲ, ಎರಡನೇ ಸಲ ಒತ್ತಬೇಕಾಯಿತು.

ಹೊರಗೆ ಬಂದು ಕೇಳಿದೆ. "ಯಾಕ ಹೇಳಲಿಲ್ಲ ದೊಡ್ಡಮ್ಮ?"

"ಹೇಳಿದ್ರ ನಿಮ್ಮನ್ನ ಕಳಸ್ತಿದ್ರು. ಬ್ಯಾರೇದವ್ರು ಬರ್ತಿದ್ರು. ಅವ್ರಿಗೂ ಯಾರರ ಆ ಗುಳಿಗಿ ಹೇಳ್ತಿದ್ರು, ಅವ್ರೂ ಇಡ್ತಿದ್ರು. ನೀವಾದ್ರ ಇನ್ನೊಮ್ಮಿ ಇಡಂಗಿಲ್ಲ" ಅಂದಳು. ಸೊಂಟದಿಂದ ದಾಸ್ತಾನು ಕೋಣೆಯ ಕೀಲಿ ಬಿಚ್ಚಿ ಕೊಟ್ಟು, "ಬೆಳಿಗ್ಗಿ ಗಾಳಿ ಆಡಾಕ ಬಿಡ್ರಿ" ಅಂದು ಹೋದಳು.

ನನ್ನ ಮೇಲೆ ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ನನ್ನನ್ನು ಆ ಕೋಣೆಯ ಕಾವಲಿಗೆ ಇಟ್ಟು ಹೋದಳು, ಅಷ್ಟೇ. ನಾನು ಕಾವಲು ಹೇಗೆ ಮಾಡಿದೆ ಅನ್ನುವುದು ಇಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲ.

ಆ ನಾಲ್ಕು ಚೀಲ ಅಕ್ಕಿ ಇನ್ನೂ ಅಲ್ಲೇ ಇತ್ತಲ್ಲ. ಕೆಟ್ಟಿದೆ ಅಂತ ತೋರಿಸಿದರೆ ಮತ್ತೆ ಅದೇ ಪ್ರಶ್ನೆ. ಒಂದು ವಾರ ವರಾಂಡದಲ್ಲಿ ಹರವಿಸಿದೆ, ನಾಲ್ಕು ನೀರಲ್ಲಿ ತೊಳೆಸಿದೆ. ಹೊಸದಾಗಿ ಬಂದ ಅಡುಗೆಯವಳಿಗೆ ಏನೂ ಹೇಳಲಿಲ್ಲ. ಆಮೇಲೆ ಆ ಅಕ್ಕಿಯಲ್ಲೇ ಅನ್ನವಾಯಿತು. ಆರು ದಿನ. ಆರು ದಿನವೂ ವಹಿಯಲ್ಲಿ "ರುಚಿಯಾಗಿದೆ" ಅಂತ ಬರೆದು ಸಹಿ ಮಾಡಿದೆ. ಆರು ದಿನವೂ ಆಫೀಸು ಕೋಣೆಯ ಬಾಗಿಲು ಮುಚ್ಚಿಕೊಂಡು ನನ್ನ ಡಬ್ಬಿಯ ರೊಟ್ಟಿ ತಿಂದೆ. ಕಿಟಕಿಯಿಂದ ಮಕ್ಕಳು ಉಣ್ಣುವುದು ಕಾಣುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಆ ಅಕ್ಕಿಯಲ್ಲಿ ಏನೂ ಉಳಿದಿರಲಿಲ್ಲವೋ ಏನೋ. ಆದರೆ ಏನೂ ಇಲ್ಲ ಅನ್ನುವ ಧೈರ್ಯ ಇದ್ದಿದ್ದರೆ ಒಂದು ತುತ್ತು ನಾನೂ ತಿನ್ನುತ್ತಿದ್ದೆ. ತಿನ್ನಲಿಲ್ಲ.

ಎರಡು ವರ್ಷಕ್ಕೆ ನನಗೆ ಲಿಂಗಸುಗೂರಿಗೆ ವರ್ಗವಾಯಿತು, ಅಲ್ಲಿಂದ ಮಸ್ಕಿಗೆ. ಹೋದ ಕಡೆಯೆಲ್ಲ ದಾಸ್ತಾನು ಕೋಣೆಯಲ್ಲಿ ಬೇವಿನ ಎಲೆ ಹಾಕಿಸಿದೆ. ಚೀಲ ಗೋಡೆಗೆ ತಾಗದಂತೆ ಇಡಿಸಿದೆ. ಮೇಲಿನವರು ಬಂದು ಮೆಚ್ಚಿಕೊಂಡರು, ಒಂದು ಸಲ ಉಳಿದ ಮಾಸ್ತರರಿಗೆ ನನ್ನಿಂದಲೇ ಪಾಠ ಹೇಳಿಸಿದರು. ಸಕ್ಕರೆಗೆ ಲವಂಗ, ಬೇಳೆಗೆ ಹರಳೆಣ್ಣೆ ಅಂತ ನಿಂತು ಹೇಳಿದೆ. ಎಲ್ಲಿ ಕಲಿತಿರಿ ಅಂದರೆ ನಮ್ಮ ಕಡೆ ಹಳಬರು ಹೇಳುತ್ತಿದ್ದರು ಅಂದೆ. ನನ್ನ ಬಗ್ಗೆಯೇ ನನಗೆ ಬೇಸರ ಬರುವುದು ಇಂಥ ಮಾತಿಗೆ.

ಕಳೆದ ಬೇಸಿಗೆಯಲ್ಲಿ ಆಕೆಗೆ ಆರಾಮಿಲ್ಲ ಅಂತ ಕೇಳಿ ಜವಳಗೇರಾಕ್ಕೆ, ಆಕೆಯ ಮಗಳ ಮನೆಗೆ ಹೋದೆ. ಎಲ್ಲ ಹೇಳಿ ಕೈಮುಗಿದು ಬರಬೇಕು ಅಂತ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಆಕೆ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಅರ್ಧಕ್ಕರ್ಧ ಆಗಿದ್ದಳು. ನನ್ನ ಗುರುತು ಕೂಡಲೇ ಹತ್ತಿತು.

"ಅಕ್ಕೋರು ಬಂದಾರ. ಕುರ್ಚಿ ಹಾಕು" ಅಂತ ಮಗಳಿಗೆ ಹೇಳಿದಳು. ನಾನು ಒಯ್ದಿದ್ದ ಶೇಂಗಾದ ಪೊಟ್ಟಣಕ್ಕೆ ಮಲಗಿದಲ್ಲಿಂದಲೇ ಕೈ ಹಾಕಿ, ಎರಡು ಕಾಳು ತಿಕ್ಕಿ ಮೂಸಿ ನೋಡಿ, "ಹಳೇವು. ಅಂಗಡ್ಯಾವ ನಿಮಗ ಬರೋಬ್ಬರಿ ಟೊಪ್ಪಿಗಿ ಹಾಕ್ಯಾನ" ಅಂದಳು. ಮೂವರೂ ನಕ್ಕೆವು. ಆಮೇಲೆ ಮಗಳು ಒಳಗೆ ಹೋದಳು. ನಾನು ಮಾತು ಶುರು ಮಾಡುವ ಮೊದಲೇ ಆಕೆ ಕೇಳಿದಳು.

"ಆ ಅಕ್ಕಿ ಏನ್ ಮಾಡಿದ್ರಿ ಅಕ್ಕೋರ?"

ಇಷ್ಟು ವರ್ಷ ಆದ ಮೇಲೆ ಕೆಲಸದ ಮಾತಿಲ್ಲ, ಕಾಗದದ ಮಾತಿಲ್ಲ, ಅಕ್ಕಿಯ ಮಾತು.

"ಹರವಿಸಿ, ತೊಳಿಸಿ... ಮಾಡಿಸಿದೆ ದೊಡ್ಡಮ್ಮ."

"ಹುಡುಗ್ರು ಉಂಡ್ವು?"

"ಉಂಡ್ವು. ಯಾರಿಗೂ ಏನೂ ಆಗಲಿಲ್ಲ."

"ಅದು ಇರ್ಲಿ. ಮೊದಲು ನೀವು ಉಂಡ್ರಿ?"

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋದವೋ. "ಹೂಂ, ಉಂಡೆ" ಅಂದೆ. ಸಾಯುತ್ತಿರುವ ಹೆಂಗಸಿಗೆ ಸಮಾಧಾನವಾಗಲಿ ಅಂತ ಅಂದೆ ಎಂದು ಹೇಳಿಕೊಳ್ಳಬಹುದು. ಅಲ್ಲ. ಹೆದರಿ ಅಂದೆ, ಮೊದಲಿನ ಹಾಗೆಯೇ.

ಆಕೆ ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಕೂಗಿದಳು. "ಯವ್ವಾ, ಅಕ್ಕೋರಿಗಿ ಅನ್ನ ಹಾಕ್ಕೊಂಡು ಬಾ."

ಬೇಡ, ಉಂಡು ಬಂದಿದ್ದೇನೆ ಅಂದೆ. ಮಗಳು ತಾಟಿನಲ್ಲಿ ಅನ್ನ, ಸಾರು ತಂದು ನನ್ನ ಕೈಗೆ ಕೊಟ್ಟಳು. ಆಕೆ ಮೊಳಕೈ ಊರಿ, ಕಷ್ಟಪಟ್ಟು ಎದ್ದು ಗೋಡೆಗೆ ಒರಗಿ ಕೂತಳು. ನನ್ನ ತಾಟನ್ನೇ ನೋಡುತ್ತ ಕೂತಳು. ನಾನು ಉಂಡೆ. ಒಂದು ಅಗುಳು ಬಿಡದೆ ಉಂಡೆ. ಕಣ್ಣೀರು ಸಾರಿಗೆ ಬಿದ್ದರೂ ನಿಲ್ಲಿಸಲಿಲ್ಲ. ತಾಟು ಖಾಲಿಯಾದ ಮೇಲೆ ಆಕೆ ಮೆಲ್ಲಗೆ ಮತ್ತೆ ಮಲಗಿದಳು.

"ಹಾಂ. ಈಗ ಸಹಿ ಮಾಡ್ರಿ" ಅಂದಳು.

ಆ ಬೇಸಿಗೆ ಕಳೆದು ಶಾಲೆ ಶುರುವಾದಾಗಿನಿಂದ ಮಸ್ಕಿಯಲ್ಲಿ ನಾನು ಡಬ್ಬಿ ಒಯ್ಯುವುದನ್ನು ಬಿಟ್ಟಿದ್ದೇನೆ. ಮಕ್ಕಳಿಗಿಂತ ಮೊದಲು ಉಣ್ಣುತ್ತೇನೆ, ಆಮೇಲೆ ವಹಿ ತೆರೆಯುತ್ತೇನೆ. ಪಿತ್ತವೇನೂ ಆಗಿಲ್ಲ. ಆ ಊರಿನ ಶಾಲೆಯ ಬೀರುವಿನಲ್ಲಿ ಹಳೆಯ ವಹಿಗಳು ಈಗಲೂ ಇರಬೇಕು. ಅದರಲ್ಲಿ ದಸರೆ ಮುಗಿದ ಮೇಲಿನ ಆರು ಸಹಿ ನನ್ನವೇ.